ಶರಾ

ಇಲೆಕ್ಷನ್ ಡಿಕ್ಲೇರ್ ಆದ ಮೂರನೇ ದಿನ
ಸವಣೂರಿನ ಲೈಸೆನ್ಸುಗಳೆಲ್ಲ ಠಾಣೆಗೆ ಬರತಾವ:
ಹೊಲದ ಹಂದಿ ಓಡಿಸೋ ಒಂಟಿ ನಳಿಗಿ, ಜೋಡು ನಳಿಗಿ,
ಗೋಣಿಚೀಲ ಸುತ್ತಿಕೊಂಡು, ಹಳೇ ಲುಂಗಿ ಸುತ್ತಿಕೊಂಡು,
ಜಡ್ಡಾದವರನ್ನ ದವಾಖಾನಿಗೆ ತಂದಂಗ.
ನಾನು ರೈಟರ್. ನಂಬರ್ ಓದತೀನಿ, ಚೀಟಿ ಕಟ್ಟತೀನಿ,
ಮಾಲಖಾನಿ ಬಾಗಲಾ ಹಾಕತೀನಿ.

ರಜಾಕಸಾಬ ಮನಿಯಾರ ಮಾತ್ರ
ಮಧ್ಯಾಹ್ನದ ನಮಾಜ್ ಮುಗಿಸಿ, ಗರ್ದಿ ಕರಗಿದ ಮ್ಯಾಲೆ,
ಬಳಿ ಡಬ್ಬಿ ತರೋವಂಗ ತರತಾರ
ಒಂದು ಉದ್ದ ಪೆಟ್ಟಿಗಿ, ಒಂದು ಗಿಡ್ಡ ಪೆಟ್ಟಿಗಿ.
ಮುತ್ತ್ಯಾನ ಕಾಲದ ರೈಫಲ್, ಕೆಳಗ ಬೆರಳು ತೂರಿಸೋ ಕುಣಿಕಿ,
ಇಳಿಸಿ ಏರಿಸಿದರ ಖಟಕ್ ಖಟಕ್,
ಎಣ್ಣಿ ಕುಡದ ಹೊಲಿಗಿ ಮಷೀನಿನ ಸಪ್ಪಳ.
ಮತ್ತ ರಿವಾಲ್ವರ್: ಆರು ಮನಿ, ಅಡಕಿ ಬಣ್ಣದ ಹಿಡಿ,
ನೀಲಿ ಹೋಗಿ ಬೂದಿಯಾದ ಉಕ್ಕು.

"ಬರಕೋರಿ," ಅಂತಾರ, "ಆಯುಧ ಎರಡು, ತೋಟಾ ಒಂದ ಜಾತಿ."
ಬರೆಯೋಕಿಂತ ಮೊದಲ ಪಾಠ ಸುರು.

ಬತ್ತೀಸ್-ಬೀಸ್. ಮೂವತ್ತೆರಡು ಬಾಯಿಯ ಅಳತಿ,
ಇಪ್ಪತ್ತು ಗ್ರೇನ್ ಕರಿಮದ್ದು.
"ಕಾಳಪ್ಪ ಪತ್ತಾರನ ತಕ್ಕಡ್ಯಾಗ ತೂಗಿಸೇನಿ, ರೈಟರ್ ಸಾಹೇಬ್ರ,
ಹನ್ನೊಂದು ಗುಂಜಿಗೆ ತುಸು ಕಡಿಮಿ.
ಮೂಗುತಿ ಬಂಗಾರದಷ್ಟ ಮದ್ದು!"
ಅಂಗೈಮ್ಯಾಲೆ ಒಂದನ್ನ ಉರುಳಿಸತಾರ:
ಹಿತ್ತಾಳಿ ಮೈ, ಸೀಸದ ತಲಿ, ನಡುವ ಸಣ್ಣ ಭುಜ,
ಹೌದೋ ಅಲ್ಲೋ ಅನ್ನುವಷ್ಟು ಇಳಿದ ಭುಜ,
ಸಾಲಿ ಹುಡುಗ ಹೆಸರು ಕರದಾಗ ಎದ್ದು ನಿಂತಂಗ.
"ಸೊಂಟಕ್ಕೊಂದು, ಹೆಗಲಿಗೊಂದು, ಚೀಲ ಮಾತ್ರ ಒಂದ.
ಕತ್ತಲ್ಯಾಗ ಕೈ ಹಾಕಿದರೂ ತಪ್ಪಂಗಿಲ್ಲ.
ನಮ್ಮನ್ಯಾಗ ಈಗ ನಾಕು ಫೋನು, ನಾಕು ಚಾರ್ಜರು, ದಿನಾ ಜಗಳ."

ಮೊದಮೊದಲು ನನಗ ಆಕಳಿಕಿ ಬರತಿತ್ತು.
ಮೂರನೇ ಇಲೆಕ್ಷನ್ನಿಗೆ ನಾನ ಕೇಳಿದೆ:
ತೋಟಾ ಒಂದ ಅಂದಮ್ಯಾಲೆ, ಯಾವುದು ಹೊಡೀತು ಅಂತ ಹೆಂಗ ತಿಳೀತದ?
ಕನ್ನಡಕ ತಗದು ಒರಸಿಕೊಂಡರು, ಅಷ್ಟು ಖುಷಿ.
"ಬುಡಾ ನೋಡ್ರಿ. ರೈಫಲ್ಲಿನ ಮೊಳಿ ನಟ್ಟನಡುವ ಕುಟ್ಟತದ,
ಕುಂಕುಮ ಇಟ್ಟಂಗ. ರಿವಾಲ್ವರಿಂದು ತುಸು ಮ್ಯಾಲೆ,
ಗಡಿಬಿಡ್ಯಾಗ ಇಟ್ಟಂಗ."

ಹನ್ನೆರಡು ತೋಟಾ. ಅಂಥಾವು ಇಲ್ಲೆಲ್ಲೂ ಸಿಗಂಗಿಲ್ಲ,
ಹುಬ್ಬಳ್ಳಿ ಅಂಗಡ್ಯಾಂವ ನಕ್ಕು, ಚಹಾ ಕುಡಿಸಿ ಕಳಿಸ್ಯಾನ.
ಪಂಚಾಯತಿಗೆ ಹನ್ನೆರಡು, ಅಸೆಂಬ್ಲಿಗೆ ಹನ್ನೆರಡು.
ಸರಕಾರ ಬಿದ್ದವು, ಎದ್ದವು. ಹನ್ನೆರಡು ಹನ್ನೆರಡ ಉಳದವು.

ಈ ಸಲ ಹನ್ನೊಂದು. ಒಂದು ಖಾಲಿ.

ಪಾಠ ಇರಲಿಲ್ಲ. ಖಾಲಿ ಕೊಳವಿಯನ್ನ
ಸ್ಟಾಂಪ್ ಪ್ಯಾಡಿನ ಬಾಜೂಕ ನಿಲ್ಲಿಸಿ ಸುಮ್ಮನ ಕುಂತರು.
ತಿರುವಿ ಬುಡಾ ನೋಡಿದೆ.
ಎರಡು ಚುಕ್ಕಿ.

"ಮೊದಲ ಸಣ್ಣದಕ್ಕ ಕೊಟ್ಟೆ," ಅಂದರು ಕಡೀಗೆ.
"ಟಿಕ್ ಅಂತು, ಅಷ್ಟ. ಎಷ್ಟು ವರ್ಷದ ನಿದ್ದಿಯೋ ಏನೋ.
ಅರ್ಧಾ ತಾಸು ಕಾದೆ, ಬೆವತೆ. ಆಮ್ಯಾಲೆ ದೊಡ್ಡದಕ್ಕ ಕೊಟ್ಟೆ.
ಎಲಿತೋಟದ ಹಾಳಬಾವಿ, ಮಣ್ಣಿನ ಗೋಡಿ.
ಬಿಳೀ ಹೊಗಿ. ಪಾರಿವಾಳ ಎಲ್ಲಾ ಎದ್ದು
ಒಂದು ಸುತ್ತು ಹಾಕಿ ಮತ್ತ ಅಲ್ಲೇ ಕುಂತವು.
ಒಂದ ಸಲಾ ಆದರೂ ಕೇಳಬೇಕಾಗಿತ್ರಿ. ಎಪ್ಪತ್ತೆಂಟು ನನಗ."

ರಜಿಸ್ಟರಿನ್ಯಾಗ ಕಾಲಂ ಐತಿ: ಯಾವ ಆಯುಧದಿಂದ?
ಎರಡೂ ಅಂತ ಬರೆಯೋ ಹಂಗಿಲ್ಲ.
ಒಂದು ಕರೀತು, ಇನ್ನೊಂದಕ್ಕ ಓ ಅಂತು
ಅಂತ ಬರೆಯೋಕ ಜಾಗಾ ಎಲ್ಲೈತಿ?
ಕಡೀ ಕಾಲಂ ಶರಾ. ಅಲ್ಲೆ ಪೆನ್ನಿನ ತುದಿಲೆ
ಒಂದರ ಕೆಳಗೊಂದು ಎರಡು ಚುಕ್ಕಿ ಇಟ್ಟೆ.

ಸಂಜೀಮುಂದ ಸಹಿ ಹಾಕಾಕ ಬಂದ ಪಿಎಸ್‌ಐ ಮೇಡಂ
ಅಲ್ಲೇ ಬೆರಳಿಟ್ಟರು:
"ಏನ್ರೀ ಹೊಳೆಬಸಪ್ಪ, ಎರಡು ಚುಕ್ಕಿ ಇಟ್ಟು ಬಿಟ್ಟೀರಲ್ಲ,
ಮುಂದೇನೋ ಬರೀಬೇಕಾಗಿತ್ತೇನು?"

ಹೌದ್ರಿ ಮೇಡಂ, ಅಂದೆ.
ಉದ್ದ ಪೆಟ್ಟಿಗಿಯ ಮ್ಯಾಲೆ ಗಿಡ್ಡ ಪೆಟ್ಟಿಗಿ ಇಟ್ಟು
ಕೀಲಿ ಹಾಕಿ ಬಂದೆ.